ಮನೆಮಾತಿನ ಕಲಮು

ವಾಗ್ದೋಷ, ಶ್ರವಣದೋಷಗಳ ಸಂಶೋಧನೆಗೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಭದ್ರವಾದ ತಳಹದಿ ಹಾಕಿತೆಂಬುದು ನಿಸ್ಸಂಶಯ. ಆದರೆ ಪರೀಕ್ಷೆಗೊಳಗಾದ ಮಕ್ಕಳು ಯಾವ ಸಮುದಾಯದವರು, ಮನೆಯಲ್ಲಿ ಆಡುವ ನುಡಿ ಯಾವುದು ಎಂಬುದನ್ನು ನಮೂದಿಸದೆ ‘ಕನ್ನಡ ಭಾಷಿಕರು’ ಎಂದಷ್ಟೇ ಬರೆದು ಮುಗಿಸುವ ಯಾವ ಪ್ರಬಂಧವಾದರೂ ಕಲಬುರಗಿ ಸೀಮೆಯ ಮಟ್ಟಿಗೆ ಅರ್ಧಸತ್ಯವನ್ನೇ ನುಡಿಯುತ್ತದೆ. 1956ರವರೆಗೆ ಹೈದರಾಬಾದು ರಾಜ್ಯದ ನೆಲವಾಗಿದ್ದ ಇಲ್ಲಿ ಸೇಡಮ್ಮಿನ ಮಗ್ಗುಲಿಗೆ ತೆಲುಗು, ಚಿತ್ತಾಪುರ ಶಹಾಬಾದಗಳ ಓಣಿಗಳಲ್ಲಿ ದಖನಿ ಉರ್ದು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ಸಿಮೆಂಟು ಕಾರ್ಖಾನೆಯೂ ರೈಲು ಜಂಕ್ಷನ್ನೂ ಇರುವ ವಾಡಿಯಲ್ಲಿ ಇವೆಲ್ಲವೂ ಬೆರೆತು ಕೇಳಿಬರುತ್ತವೆ. ತಾಂಡಾದ ಐದು ವರ್ಷದ ಬಾಲೆಯ ಮುಂದೆ ಚಿತ್ರವೊಂದನ್ನು ಹಿಡಿದು ಗ್ರಾಂಥಿಕ ಕನ್ನಡದಲ್ಲಿ ಪ್ರಶ್ನಿಸಿದರೆ ಅವಳು ತಾಯಿಯ ಸೆರಗು ಹಿಡಿದು ಸುಮ್ಮನೆ ನಿಲ್ಲುವಳು. ಆ ಮೌನವನ್ನು ಭಾಷಾವಿಳಂಬವೆಂದು ಬರೆದುಕೊಂಡರೆ ದೋಷ ಯಾರದು? ಜನಗಣತಿಯೇ ಲಂಬಾಣಿಯನ್ನು ಹಿಂದಿಯ ಗುಂಪಿನೊಳಗೆ ಎಣಿಸುವಾಗ ಸಂಶೋಧಕನು ಇನ್ನಷ್ಟು ಎಚ್ಚರವಹಿಸತಕ್ಕದ್ದು. ಹಾಗೆಂದು ಸಮುದಾಯವನ್ನು ನಮೂದಿಸಲು ಅಮೆರಿಕದವರ ಕರಿಯ ಬಿಳಿಯರೆಂಬ ಜನಾಂಗಪಟ್ಟಿಯನ್ನು ಯಥಾವತ್ತಾಗಿ ನಕಲಿಸುವುದು ಇಲ್ಲಿ ವ್ಯರ್ಥವೇ ಸರಿ. ಬೇಕಾದುದು ಮನೆಮಾತು, ಶಾಲೆಯ ಮಾಧ್ಯಮ, ತಾಂಡಾವೋ ಊರೋ ಎಂಬ ವಿವರ, ಮತ್ತು ಅಧ್ಯಯನಕ್ಕೆ ನಿಜವಾಗಿಯೂ ಅವಶ್ಯವಿದ್ದಲ್ಲಿ ಮಾತ್ರ, ಕಾರಣವನ್ನು ತಿಳಿಸಿದ ಮೇಲೆ ತಂದೆತಾಯಿಗಳು ತಾವಾಗಿ ಹೇಳಿದ ಜಾತಿ.