ಉಂಡ ಮನೆಯ ಜಂತೆ ಎಣಿಸುವ ಕಸುಬು

ಬೆಳಗಿನ ಜಾವ ನಾಲ್ಕೂವರೆ. ವಿಜಯನಗರದ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ರಾಜಾಜಿನಗರದ ಬಾಗಿಲು ಹಾಕಿದ ಅಂಗಡಿಗಳ ಜಗುಲಿಯ ಮೇಲೆ, ಕೆಂಗೇರಿಯ ಬೀದಿದೀಪಗಳ ಕೆಳಗೆ ಪತ್ರಿಕೆಯ ಕಟ್ಟು ಬಿಚ್ಚುವ ಕೆಲಸ ಆರಂಭವಾಗಿರುತ್ತದೆ. ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು ಕುಕ್ಕರುಗಾಲಿನಲ್ಲಿ ಕುಳಿತು, ಪುರವಣಿಗಳನ್ನು ಮುಖ್ಯ ಪತ್ರಿಕೆಯ ಒಳಗೆ ಸರಸರನೆ ಸೇರಿಸುತ್ತಿರುತ್ತಾರೆ. ಅವರಲ್ಲಿ ಹಲವರು ಹೈಸ್ಕೂಲು, ಪಿ.ಯು.ಸಿ. ಓದುವವರು. ಅಂಥ ಒಬ್ಬ ಹುಡುಗ ಒಂದು ಬೆಳಿಗ್ಗೆ ಏಜೆಂಟರನ್ನು ಕೇಳಿದ:

"ಅಣ್ಣಾ, ಟೈಮ್ಸ್, ಎಕನಾಮಿಕ್ ಟೈಮ್ಸ್, ವಿಜಯ ಕರ್ನಾಟಕ ಮೂರಕ್ಕೂ ದುಡ್ಡು ಒಂದೇ ಕಡೆ ಕಟ್ತೀರಲ್ಲ, ಯಾಕೆ?"

"ಮೂರೂ ಒಂದೇ ಮನೇದು ಕಣೋ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡು ಇನ್ನೊಂದು ಮನೇದು. ಹೆಸರು ಬೇರೆ ಬೇರೆ, ಅಷ್ಟೆ. ಬೇಗ ಸೇರ್ಸು, ಹೊತ್ತಾಯ್ತು."

ಏಜೆಂಟರ ಪಾಲಿಗೆ ಅದು ಬಿಲ್ಲಿನ ವಿಚಾರ. ಆದರೆ ಹುಡುಗನ ಪ್ರಶ್ನೆ ಸಣ್ಣದಲ್ಲ. ಪರೀಕ್ಷೆಯಲ್ಲಿ 'ಪತ್ರಿಕಾರಂಗವು ಪ್ರಜಾಪ್ರಭುತ್ವದ ನಾಲ್ಕನೆಯ ಆಧಾರಸ್ತಂಭ' ಎಂದು ಬರೆದು ಅಂಕ ಪಡೆಯುವ ವಿದ್ಯಾರ್ಥಿಗಳು, ಆ ಸ್ತಂಭ ಯಾರ ಸ್ವತ್ತು ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ಸ್ತಂಭಗಳು ಕೈ ಬದಲಾಗುತ್ತವೆ. ಕೆಲವೊಮ್ಮೆ ರಾತ್ರೋರಾತ್ರಿ ಬದಲಾಗುತ್ತವೆ. ಮರುದಿನವೂ ಪತ್ರಿಕೆ ಅದೇ ಹೆಸರಿನಲ್ಲಿ, ಅದೇ ಹೊತ್ತಿಗೆ, ಅದೇ ಬಾಗಿಲಿಗೆ ಬಂದು ಬೀಳುತ್ತದೆ. ಓದುಗನಿಗೆ ಗೊತ್ತಾಗುವುದೇ ಇಲ್ಲ.

ಹುಬ್ಬಳ್ಳಿಯ ಲಾರಿ, ಮುಂಬಯಿಯ ಮನೆ

ಕರ್ನಾಟಕದಲ್ಲಿ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ವಿಜಯ ಕರ್ನಾಟಕ. 1976ರಲ್ಲಿ ಗದಗದಲ್ಲಿ ಒಂದೇ ಒಂದು ಲಾರಿಯಿಂದ ಸಾರಿಗೆ ವ್ಯವಹಾರ ಆರಂಭಿಸಿ, ಹುಬ್ಬಳ್ಳಿಯಲ್ಲಿ ವಿ.ಆರ್.ಎಲ್. ಸಂಸ್ಥೆಯನ್ನು ಬೆಳೆಸಿದ ವಿಜಯ ಸಂಕೇಶ್ವರರು 1999ರಲ್ಲಿ ಈ ಪತ್ರಿಕೆಯನ್ನು ಹೊರತಂದರು. ಆಗ ಅವರು ಧಾರವಾಡ ಉತ್ತರ ಕ್ಷೇತ್ರದ ಭಾರತೀಯ ಜನತಾ ಪಕ್ಷದ ಸಂಸದರೂ ಆಗಿದ್ದರು. ಕಡಿಮೆ ಬೆಲೆ, ಹಲವು ಊರುಗಳಿಂದ ಮುದ್ರಣ, ಜಿಲ್ಲಾ ಸುದ್ದಿಗೆ ಹೆಚ್ಚು ಜಾಗ - ಇವು ಅದರ ಹೂಟ. ಬೇರೂರಿದ್ದ ಹಳೆಯ ಪತ್ರಿಕೆಗಳನ್ನೆಲ್ಲ ಹಿಂದೆ ಹಾಕಿ ಕೆಲವೇ ವರ್ಷಗಳಲ್ಲಿ ಅದು ಪ್ರಸಾರದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಈ ನಡುವೆ ಸಂಕೇಶ್ವರರು ತಮ್ಮ ಪಕ್ಷವನ್ನು ತೊರೆದು 'ಕನ್ನಡ ನಾಡು' ಎಂಬ ಪಕ್ಷ ಕಟ್ಟಿ 2004ರ ಚುನಾವಣೆಗೂ ಇಳಿದರು. ಪತ್ರಿಕೆಯಂತೆ ಪಕ್ಷ ಓಡಲಿಲ್ಲ.

2006ರಲ್ಲಿ ವಿಜಯ ಕರ್ನಾಟಕವನ್ನು ಬೆನೆಟ್, ಕೋಲ್ಮನ್ ಕಂಪನಿ ಕೊಂಡುಕೊಂಡಿತು. 1838ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಒಡೆಯರು ಇವರೇ. ಅದರ ಜತೆಗೆ ಅದೇ ಸಂಸ್ಥೆಯ ಇಂಗ್ಲಿಷ್ ದೈನಿಕ ವಿಜಯ್ ಟೈಮ್ಸ್, ಕನ್ನಡದ ಇನ್ನೊಂದು ದೈನಿಕ ಉಷಾಕಿರಣ ಕೂಡ ಕೈ ಬದಲಾದವು. ಆ ಎರಡು ಹೆಸರುಗಳು ಇಂದು ಇಲ್ಲ. ವಿಜಯ ಕರ್ನಾಟಕ ಉಳಿಯಿತು, ಬೆಳೆಯಿತು. ಸಂಕೇಶ್ವರರು 2012ರಲ್ಲಿ ವಿಜಯವಾಣಿ ಎಂಬ ಹೊಸ ಪತ್ರಿಕೆಯೊಂದಿಗೆ ಅದೇ ಕಣಕ್ಕೆ ಮರಳಿದರು.

ಇದೊಂದೇ ಅಲ್ಲ. ರಾಮನಾಥ ಗೋಯೆಂಕಾ ಅವರ ಎಕ್ಸ್‌ಪ್ರೆಸ್ ಬಳಗ 1967ರಲ್ಲಿ ಆರಂಭಿಸಿದ ಕನ್ನಡಪ್ರಭ, 2010ರ ದಶಕದ ಆರಂಭದಲ್ಲಿ ಉದ್ಯಮಿ ಹಾಗೂ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ಸಮೂಹದ ಕಡೆ ಸರಿಯಿತು. ಸುವರ್ಣ ನ್ಯೂಸ್ ವಾಹಿನಿಯೂ ಆ ಸಮೂಹದ್ದೇ. ರಾಮೋಜಿರಾಯರು 2000ದಲ್ಲಿ ತಂದ ಈಟಿವಿ ಕನ್ನಡ, ರಿಲಯನ್ಸ್ ಹಣದ ಬೆಂಬಲವಿದ್ದ ಬಳಗದ ಕೈಸೇರಿ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2007ರಲ್ಲಿ ಆರಂಭವಾದ ಕಸ್ತೂರಿ ವಾಹಿನಿಯ ಹಿಂದೆ ಇದ್ದುದು ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ. ಕನ್ನಡ ಸುದ್ದಿಮನೆಗಳ ಒಡೆತನದ ಪಟ್ಟಿ ಬರೆಯಲು ಕುಳಿತರೆ ವಾಣಿಜ್ಯದ ಪುಟ ಎಲ್ಲಿ ಮುಗಿಯಿತು, ರಾಜಕೀಯದ ಪುಟ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಕೊಳ್ಳುವವರಿಗೆ ಏನು ಲಾಭ?

ಮುದ್ರಣಯಂತ್ರ ಕೊಳ್ಳಬಹುದು, ಕಾಗದ ಕೊಳ್ಳಬಹುದು, ಪತ್ರಕರ್ತರನ್ನೂ ಸಂಬಳಕ್ಕೆ ಕರೆತರಬಹುದು. ಓದುಗನ ಅಭ್ಯಾಸವನ್ನು ಮಾತ್ರ ಹೊಸದಾಗಿ ಕಟ್ಟಲು ಹತ್ತಾರು ವರ್ಷ ಬೇಕು. ಕಾಫಿಯ ಲೋಟದ ಜತೆಗೆ ಇದೇ ಪತ್ರಿಕೆ ಬೇಕು ಎನ್ನುವ ಹಟ ಇದೆಯಲ್ಲ, ಖರೀದಿದಾರ ಬೆಲೆ ಕೊಡುವುದು ಅದಕ್ಕೆ.

ಇನ್ನೊಂದು ಲೆಕ್ಕವೂ ಉಂಟು. ಮನೆಯವರು ಕೊಡುವ ತಿಂಗಳ ಬಿಲ್ಲು ಪತ್ರಿಕೆಯ ಖರ್ಚಿನ ಒಂದು ಪಾಲನ್ನಷ್ಟೇ ತುಂಬುತ್ತದೆ. ಉಳಿದುದನ್ನು ತುಂಬುವುದು ಜಾಹೀರಾತು. ಒಂದೇ ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ, ಕನ್ನಡ ಪತ್ರಿಕೆ, ವಾಣಿಜ್ಯ ಪತ್ರಿಕೆ ಇದ್ದರೆ ಮೂರಕ್ಕೂ ಸೇರಿಸಿ ಒಂದೇ ದರದಲ್ಲಿ ಜಾಹೀರಾತು ಮಾರಬಹುದು. ಒಂದೇ ಪತ್ರಿಕೆ ಇರುವ ಸಣ್ಣ ಮನೆ ಈ ಪೈಪೋಟಿಯಲ್ಲಿ ಏದುಸಿರು ಬಿಡಬೇಕಾಗುತ್ತದೆ.

ಇಲ್ಲಿಗೆ ರಾಜಕೀಯ ಬರುತ್ತದೆ. ದೊಡ್ಡ ಜಾಹೀರಾತುದಾರರಲ್ಲಿ ಸರ್ಕಾರವೂ ಒಂದು. ವಾಹಿನಿಗೆ ಪರವಾನಗಿ ಕೊಡುವುದು ಸರ್ಕಾರ. ಮಾಲೀಕರಿಗೆ ಬಂದರು, ವಿದ್ಯುತ್, ದೂರಸಂಪರ್ಕದಂಥ ಬೇರೆ ಉದ್ಯಮಗಳಿದ್ದರೆ ಅವುಗಳ ಕಡತಗಳೂ ಸರ್ಕಾರದ ಮೇಜಿನ ಮೇಲೇ ಇರುತ್ತವೆ. 'ಉಂಡ ಮನೆಯ ಜಂತೆ ಎಣಿಸಬಾರದು' ಎಂಬುದು ಸಂಸಾರಸ್ಥರಿಗೆ ಒಳ್ಳೆಯ ಬುದ್ಧಿವಾದ. ಆದರೆ ಪತ್ರಕರ್ತನ ಕಸುಬೇ ಜಂತೆ ಎಣಿಸುವುದು. ಯಾವ ಜಂತೆಗೆ ಹುಳು ಹಿಡಿದಿದೆ, ಯಾವುದು ಮುರಿದು ಬೀಳಲಿದೆ ಎಂದು ಊರಿಗೆ ತಿಳಿಸಲೆಂದೇ ಅವನಿಗೆ ಸಂಬಳ. ಊರಿನ ದೊಡ್ಡ ಮನೆಗಳೆಲ್ಲ ಅವನಿಗೆ ಅನ್ನ ಹಾಕುವ ಮನೆಗಳೇ ಆಗಿಬಿಟ್ಟರೆ ಅವನು ಎಣಿಸುವುದಾದರೂ ಯಾವ ಜಂತೆಯನ್ನು?

2022ರಲ್ಲಿ ಎನ್.ಡಿ.ಟಿ.ವಿ. ಕೈ ಬದಲಾದ ಬಗೆ ಇದಕ್ಕೆ ಒಳ್ಳೆಯ ಪಾಠ. ಆ ವಾಹಿನಿಯ ಸ್ಥಾಪಕರು 2009ರ ಸುಮಾರಿಗೆ ಒಂದು ಕಂಪನಿಯಿಂದ 400 ಕೋಟಿ ರೂಪಾಯಿಗೂ ಮಿಕ್ಕಿ ಸಾಲ ಪಡೆದಿದ್ದರು. ಸಾಲವನ್ನು ಷೇರುಗಳಾಗಿ ಪರಿವರ್ತಿಸಿಕೊಳ್ಳುವ ಹಕ್ಕು ಸಾಲ ಕೊಟ್ಟವರಿಗಿತ್ತು. 2022ರ ಆಗಸ್ಟಿನಲ್ಲಿ ಅದಾನಿ ಸಮೂಹ ಸಾಲ ಕೊಟ್ಟ ಆ ಕಂಪನಿಯನ್ನೇ ಕೊಂಡಿತು. ಹೀಗೆ ಶೇ. 29.18 ಪಾಲಿನ ದಾರಿ ತೆರೆಯಿತು. ವರ್ಷದ ಕೊನೆಯ ಹೊತ್ತಿಗೆ ಪಾಲು ಶೇ. 64.71ಕ್ಕೆ ಏರಿತ್ತು. ಮುಂಬಾಗಿಲಿಗೆ ಕಾವಲಿಟ್ಟವರು ಹಿತ್ತಿಲ ಬಾಗಿಲ ಕೀಲಿಯನ್ನು ಸಾಲಗಾರನ ಬಳಿ ಬಿಟ್ಟಂತಾಯಿತು.

ಅಮೆರಿಕದಲ್ಲಿಯೂ ಇದೇ ಕಥೆ. 2025ರ ಜುಲೈನಲ್ಲಿ ಸಿ.ಬಿ.ಎಸ್. ವಾಹಿನಿಯ ಒಡೆಯರಾದ ಪ್ಯಾರಮೌಂಟ್ ಕಂಪನಿ, ಅಧ್ಯಕ್ಷ ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು 1.6 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಅದೇ ತಿಂಗಳು ಕಂಪನಿಯ ವಿಲೀನಕ್ಕೆ ಸರ್ಕಾರಿ ಆಯೋಗದ ಒಪ್ಪಿಗೆ ದೊರೆಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಅಕ್ಟೋಬರಿನಲ್ಲಿ ಅದು 'ದಿ ಫ್ರೀ ಪ್ರೆಸ್' ಎಂಬ ಸ್ವತಂತ್ರ ಸುದ್ದಿಸಂಸ್ಥೆಯನ್ನು ಕೊಂಡು, ಅದರ ಸ್ಥಾಪಕಿ ಬ್ಯಾರಿ ವೈಸ್ ಅವರನ್ನು ಸಿ.ಬಿ.ಎಸ್. ಸುದ್ದಿವಿಭಾಗದ ಪ್ರಧಾನ ಸಂಪಾದಕಿಯನ್ನಾಗಿ ಕೂರಿಸಿತು.

ಮೂರು ಥರ್ಮಾಮೀಟರು

ಒಡೆತನ ಒಂದಾದರೆ ಓದುಗನಿಗೆ ಆಗುವ ನಷ್ಟವೇನು? ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಕೂಡಲೆ ಅರ್ಥವಾಗುತ್ತದೆ. ಒಂದು ಪಾತ್ರೆಯ ನೀರಿನ ಉಷ್ಣತೆ 37 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೂರು ಬೇರೆ ಬೇರೆ ಥರ್ಮಾಮೀಟರುಗಳಲ್ಲಿ ಅಳೆದಾಗ 36, 37, 38 ಎಂದು ಬಂದರೆ ಸರಾಸರಿ 37. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಆದರೆ ಮೂರೂ ಒಂದೇ ಅಚ್ಚಿನಲ್ಲಿ ತಯಾರಾಗಿ, ಮೂರಕ್ಕೂ ಎರಡು ಡಿಗ್ರಿ ಹೆಚ್ಚು ತೋರಿಸುವ ದೋಷವಿದ್ದರೆ? ಮೂರೂ 39 ಎನ್ನುತ್ತವೆ. ಸರಾಸರಿಯೂ 39. ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದವೆಂದು ವಿದ್ಯಾರ್ಥಿಗೆ ಇನ್ನಷ್ಟು ಧೈರ್ಯ ಬರುತ್ತದೆ. ನಿಜದಲ್ಲಿ ಇರುವುದು ಒಂದೇ ಸಾಕ್ಷಿ.

ಇದನ್ನು ಅಂಕಿಯಲ್ಲಿ ಅಳೆಯುವ ಸುಲಭ ವಿಧಾನವೊಂದಿದೆ. ಪ್ರತಿ ಮನೆಯ ಮಾರುಕಟ್ಟೆ ಪಾಲಿನ ವರ್ಗ ತೆಗೆದು ಕೂಡಬೇಕು. ಒಂದು ಊರಿನಲ್ಲಿ ತಲಾ ಶೇ. 25 ಪಾಲಿನ ನಾಲ್ಕು ಪತ್ರಿಕೆಗಳಿವೆ, ನಾಲ್ವರು ಒಡೆಯರಿದ್ದಾರೆ ಎನ್ನೋಣ. 25ರ ವರ್ಗ 625. ನಾಲ್ಕರದ್ದು ಕೂಡಿದರೆ 2,500. ಈಗ ಎರಡು ಪತ್ರಿಕೆಗಳು ಒಬ್ಬನೇ ಒಡೆಯನ ಕೈಗೆ ಬಂದರೆ ಅವನ ಪಾಲು 50, ಅದರ ವರ್ಗ 2,500. ಉಳಿದೆರಡರದ್ದು 1,250. ಒಟ್ಟು 3,750. ಅಂಗಡಿಯಲ್ಲಿ ತೂಗುವ ಪತ್ರಿಕೆಗಳು ಈಗಲೂ ನಾಲ್ಕೇ. ಆದರೆ ಕೂಡಿಕೆ ಒಂದೂವರೆ ಪಟ್ಟಾಗಿದೆ. ಒಬ್ಬನೇ ಒಡೆಯನಿದ್ದರೆ ಅದು 10,000. ಟ್ರಾಯ್ ಸಂಸ್ಥೆ 2014ರಲ್ಲಿ ಮಾಧ್ಯಮ ಒಡೆತನದ ಬಗ್ಗೆ ಸರ್ಕಾರಕ್ಕೆ ಶಿಫಾರಸು ಮಾಡಿದಾಗ ಬಳಸಿದ್ದು ಇದೇ ಅಳತೆಗೋಲನ್ನು. ರಾಜಕೀಯ ಪಕ್ಷಗಳು ಸುದ್ದಿವಾಹಿನಿ ನಡೆಸಬಾರದು, ಒಬ್ಬರೇ ಪತ್ರಿಕೆ-ಟಿ.ವಿ. ಎರಡರಲ್ಲೂ ಮೇಲುಗೈ ಪಡೆಯಬಾರದು ಎಂದು ಅದು ಹೇಳಿತ್ತು. ಶಿಫಾರಸು ಕಾನೂನಾಗಲಿಲ್ಲ.

ಹಾಗೆಂದು ಒಡೆಯರು ಬೇರೆಯಾದ ಮಾತ್ರಕ್ಕೆ ಸುದ್ದಿಯೂ ಬೇರೆ ಎನ್ನುವಂತಿಲ್ಲ. ಒಂದೇ ಸುದ್ದಿಸಂಸ್ಥೆಯ ವರದಿ, ಒಂದೇ ಪತ್ರಿಕಾ ಪ್ರಕಟಣೆ ನಾಲ್ಕೂ ಕಡೆ ಅಚ್ಚಾಗಬಹುದು. ಒಡೆತನ ಒಂದು ಕಾರಣ, ಏಕೈಕ ಕಾರಣವಲ್ಲ.

ಕಾನೂನಿನ ಕತ್ತಿಗೂ ಎರಡು ಅಲಗು

ಹಾಗಾದರೆ ಸರ್ಕಾರ ಕಟ್ಟುನಿಟ್ಟು ಮಾಡಬಾರದೇ ಎಂದು ಪೋಷಕರು ಕೇಳಬಹುದು. ಮಾಡಿ ನೋಡಿದ್ದೂ ಆಗಿದೆ. ಸಣ್ಣ ಪತ್ರಿಕೆಗಳನ್ನು ಉಳಿಸಲೆಂದು 1956ರಲ್ಲಿ ಪುಟಕ್ಕೆ ತಕ್ಕ ಬೆಲೆ ನಿಗದಿ ಮಾಡುವ ಕಾಯಿದೆ ಬಂತು. ಮರಾಠಿಯ ಸಕಾಳ್ ಪತ್ರಿಕೆ ನ್ಯಾಯಾಲಯಕ್ಕೆ ಹೋಯಿತು. ಇದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟು ಕಾಯಿದೆಯನ್ನು ತಳ್ಳಿಹಾಕಿತು. ಮುದ್ರಣ ಕಾಗದದ ಹಂಚಿಕೆಗೆ ಸರ್ಕಾರ ಹಾಕಿದ ಪುಟಗಳ ಮಿತಿಯನ್ನೂ 1972ರಲ್ಲಿ ಬೆನೆಟ್, ಕೋಲ್ಮನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ರದ್ದು ಮಾಡಿತು. ಪತ್ರಿಕೆಯ ಗಾತ್ರ ಕತ್ತರಿಸುವ ಕತ್ತರಿ ಸರ್ಕಾರದ ಕೈಯಲ್ಲಿದ್ದರೆ, ನಾಳೆ ಅದು ಪತ್ರಿಕೆಯ ನಾಲಿಗೆಯನ್ನೂ ಕತ್ತರಿಸಬಹುದಲ್ಲವೇ? ಎರಡೇ ವರ್ಷ ಹತ್ತು ತಿಂಗಳಿಗೂ ಮೊದಲೇ, 1975ರ ಜೂನಿನಲ್ಲಿ, ತುರ್ತುಪರಿಸ್ಥಿತಿಯೊಂದಿಗೆ ಸೆನ್ಸಾರ್ ಬಂದೇ ಬಂತು.

ಒಡೆಯನ ಹಂಗೇ ಬೇಡವೆಂದು ಹೊರಟವರೂ ಕನ್ನಡದಲ್ಲಿ ಇದ್ದಾರೆ. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ಲಂಕೇಶ್ ಪತ್ರಿಕೆ ಜಾಹೀರಾತು ಪಡೆಯದೆ, ಓದುಗರು ಕೊಡುವ ದುಡ್ಡಿನಲ್ಲಿಯೇ ನಡೆಯಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ಓದುಗರಿಂದಲೇ ಷೇರು ಕೂಡಿಸಿ 'ಮುಂಗಾರು' ದೈನಿಕ ತಂದರು. ಆದರ್ಶ ದೊಡ್ಡದಿತ್ತು, ಬಂಡವಾಳ ಸಾಲದಾಯಿತು, ಪತ್ರಿಕೆ ಉಳಿಯಲಿಲ್ಲ. ಲಂಕೇಶರ ಮಗಳು ಗೌರಿ ತಮ್ಮದೇ ಪತ್ರಿಕೆಯನ್ನು ಜಾಹೀರಾತಿಲ್ಲದೆ ನಡೆಸುತ್ತಿದ್ದರು. 2017ರ ಸೆಪ್ಟೆಂಬರ್ 5ರ ರಾತ್ರಿ, ಕೆಂಗೇರಿಗೆ ಹತ್ತಿರದ ರಾಜರಾಜೇಶ್ವರಿನಗರದಲ್ಲಿ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ದೊಡ್ಡ ಮನೆಯ ನೆರಳು ಬೇಡವೆಂದವರು ಬಿಸಿಲಿಗೆ ಮೈಯೊಡ್ಡಿ ನಿಲ್ಲಬೇಕಾಗುತ್ತದೆ. ದೊಡ್ಡ ಮನೆಗೆ ಮಾರಿಕೊಂಡವರನ್ನು ಹಳಿಯುವ ಮೊದಲು ಈ ಮಾತನ್ನೂ ನೆನೆಯಬೇಕು. ಸಂಬಳ ಕೊಡಲಾಗದೆ ಬಾಗಿಲು ಮುಚ್ಚುವ ಪತ್ರಿಕೆಗಿಂತ ಕೈ ಬದಲಾಗಿ ಉಳಿಯುವ ಪತ್ರಿಕೆ, ಅಲ್ಲಿ ದುಡಿಯುವವರ ಪಾಲಿಗಾದರೂ ಮೇಲು.

ಕೊನೆಯ ಪುಟದ ಸಣ್ಣಕ್ಷರ

ಓದುಗನ ಕೈಯಲ್ಲಿ ಏನಿದೆ? ಸ್ವಲ್ಪ ಇದೆ. ಪ್ರತಿ ಪತ್ರಿಕೆಯಲ್ಲಿ, ಸಾಮಾನ್ಯವಾಗಿ ಒಂದು ಪುಟದ ಬುಡದಲ್ಲಿ, ಮುದ್ರಕರು ಯಾರು, ಪ್ರಕಾಶಕರು ಯಾರು, ಯಾರ ಪರವಾಗಿ, ಎಲ್ಲಿ ಮುದ್ರಣ ಎಂಬ ಸಾಲು ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ. ಎಂಟನೆಯ ತರಗತಿಯ ಮಗುವಿಗೆ ಒಂದು ಭೂತಗನ್ನಡಿ ಕೊಟ್ಟರೆ ರಜೆಯ ಒಂದು ಬೆಳಿಗ್ಗೆಗೆ ಸಾಕಾಗುವಷ್ಟು ಪ್ರಯೋಗ ಅಲ್ಲಿದೆ. ಮನೆಗೆ ಎರಡು ಪತ್ರಿಕೆ ತರಿಸುವವರು ಎರಡೂ ಬೇರೆ ಬೇರೆ ಮನೆಯವೇ ಎಂದು ನೋಡಿಕೊಳ್ಳಬಹುದು. ಒಂದು ವಾರ, ಒಂದೇ ಸುದ್ದಿಯನ್ನು ಎರಡರಲ್ಲೂ ಓದಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸಂಗತಿಗಳನ್ನು ನೋಟ್ ಪುಸ್ತಕದಲ್ಲಿ ಎರಡು ಕಾಲಮ್ಮಿನಲ್ಲಿ ಬರೆಯಬಹುದು. ಪತ್ರಿಕೆಯಲ್ಲಿ ಬಂದದ್ದನ್ನು ತಿದ್ದುವುದು ಸುಲಭ. ಬಾರದೇ ಹೋದದ್ದನ್ನು ಕಂಡುಹಿಡಿಯಲು ಹೋಲಿಕೆಯ ಹೊರತು ದಾರಿಯಿಲ್ಲ.

ಆರೂವರೆಯ ಹೊತ್ತಿಗೆ ಹುಡುಗ ಬಸವೇಶ್ವರನಗರದ ಕೊನೆಯ ಅಡ್ಡರಸ್ತೆಗೆ ಬಂದಿರುತ್ತಾನೆ. ಅಲ್ಲೊಬ್ಬ ನಿವೃತ್ತ ಹಿರಿಯರು ಗೇಟಿನ ಬಳಿಯೇ ಕಾಯುತ್ತಿರುತ್ತಾರೆ. "ಒಂದೇ ಪೇಪರ್ ನಂಬಬಾರದಪ್ಪ, ಅದಕ್ಕೇ ಮೂರು ತರಿಸ್ತೀನಿ" ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಹುಡುಗ ಕೈಯಲ್ಲಿದ್ದ ಮೂರನ್ನೂ ಒಮ್ಮೆ ನೋಡುತ್ತಾನೆ.

"ತಾತಾ, ಮೂರೂ ಒಂದೇ ಮನೇದು. ನಾಳೆಯಿಂದ ಒಂದು ಬದಲಾಯಿಸಿ ಹಾಕ್ಲಾ?"