ಸದಸ್ಯರೇ ಇಲ್ಲದ ಪಂಚಾಯಿತಿಗೆ ಮೊದಲ ಸ್ಥಾನ

ಪಂಚಾಯಿತಿಗಳಿಗೆ ಅಧಿಕಾರ ಹಂಚುವುದರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಎಂದು ಹೇಳಿಕೊಂಡು ತಿರುಗುವುದನ್ನು ಇನ್ನಾದರೂ ನಿಲ್ಲಿಸಬೇಕು. 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಕೇಂದ್ರದ ಅಧಿಕಾರ ವಿಕೇಂದ್ರೀಕರಣ ಸೂಚ್ಯಂಕದಲ್ಲಿ ಕರ್ನಾಟಕಕ್ಕೆ 72.23 ಅಂಕ, ಕೇರಳಕ್ಕೆ 70.59, ತಮಿಳುನಾಡಿಗೆ 68.38. ಉತ್ತರದಾಯಿತ್ವದ ವಿಭಾಗದಲ್ಲೂ ನಮಗೇ ಅಗ್ರಸ್ಥಾನ. ಆ ಪಟ್ಟಿ ಹೊರಬಿದ್ದಾಗ ಕರ್ನಾಟಕದ ಯಾವ ಜಿಲ್ಲಾ ಪಂಚಾಯಿತಿಯಲ್ಲೂ, ಯಾವ ತಾಲ್ಲೂಕು ಪಂಚಾಯಿತಿಯಲ್ಲೂ ಚುನಾಯಿತ ಸದಸ್ಯರಿರಲಿಲ್ಲ. ಮೂರು ಹಂತದ ವ್ಯವಸ್ಥೆಯಲ್ಲಿ ಎರಡು ಹಂತ ಖಾಲಿ. ಹಾಗಿದ್ದರೆ ಉತ್ತರದಾಯಿತ್ವದ ಅಂಕ ಯಾರ ಉತ್ತರಕ್ಕೆ ಬಂತು?

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಸಂವಿಧಾನದ 243ಇ ವಿಧಿಯಲ್ಲಿ ಯಾವ ಗೊಂದಲವೂ ಇಲ್ಲ: ಪಂಚಾಯಿತಿಯ ಆಯುಸ್ಸು ಐದು ವರ್ಷ, ಅದು ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು. ಕೋವಿಡ್ ಇತ್ತು ಎನ್ನುತ್ತಾರೆ. ಅದೇ ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಇದೇ ರಾಜ್ಯ ಗ್ರಾಮ ಪಂಚಾಯಿತಿಗಳ ಚುನಾವಣೆ ನಡೆಸಿತು. ಅದೇ ತಿಂಗಳು ಕೇರಳ ತನ್ನ ಎಲ್ಲ ಹಂತದ ಸ್ಥಳೀಯ ಸಂಸ್ಥೆಗಳಿಗೂ ಚುನಾವಣೆ ಮುಗಿಸಿತು. ನಮ್ಮಲ್ಲಿ 2023ರ ವಿಧಾನಸಭಾ ಚುನಾವಣೆಯಾಗಲಿ, 2024ರ ಲೋಕಸಭಾ ಚುನಾವಣೆಯಾಗಲಿ ತಡವಾಗಲಿಲ್ಲ. ಮತಪಟ್ಟಿ ಇತ್ತು, ಮತಗಟ್ಟೆ ಇತ್ತು, ಸಿಬ್ಬಂದಿ ಇದ್ದರು. ಜಿಲ್ಲಾ ಪಂಚಾಯಿತಿಯ ಹೆಸರೆತ್ತಿದರೆ ಮಾತ್ರ ಏನೂ ಒದಗುವುದಿಲ್ಲ.

ಇದು ಆಲಸ್ಯವಲ್ಲ, ಮಾಡಿದ ಕೆಲಸ. ಕ್ಷೇತ್ರ ಪುನರ್‌ವಿಂಗಡಣೆಯೂ ಮೀಸಲಾತಿ ನಿಗದಿಯೂ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿದ್ದವು. 2021ರಲ್ಲಿ ಬಿಜೆಪಿ ಸರ್ಕಾರ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ಕಿತ್ತುಕೊಂಡು, ತಾನೇ ನೇಮಿಸಿದ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಅಲ್ಲಿಂದ ಗಡುವಿನ ಮೇಲೆ ಗಡುವು. ವಿಂಗಡಣೆಯ, ಮೀಸಲಾತಿಯ ನೆಪ ಹೇಳಿ ಚುನಾವಣೆ ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 10ರಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಿಳಂಬಕ್ಕಾಗಿ ರಾಜ್ಯ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆ ದಂಡವನ್ನೂ ಕಟ್ಟುವವರು ನಾವೇ, ಮತದಾರರು. 2023ರಲ್ಲಿ ಕಾಂಗ್ರೆಸ್ ಬಂತು. ವಿರೋಧ ಪಕ್ಷದಲ್ಲಿದ್ದಾಗ ಆಡಿದ ಮಾತನ್ನೆಲ್ಲ ಮರೆಯಿತು. ಈ ಒಂದು ವಿಷಯದಲ್ಲಿ ಎರಡೂ ಪಕ್ಷಗಳ ನಡುವೆ ಜಗಳವೇ ಇಲ್ಲ.

ಇಷ್ಟಾದರೂ 72.23 ಅಂಕ! ಕಾಯ್ದೆಯಲ್ಲಿ ಏನು ಬರೆದಿದೆ, ಯಾವ ಇಲಾಖೆಯ ಯಾವ ವಿಷಯ ಪಂಚಾಯಿತಿಗೆ ಬಿಟ್ಟುಕೊಟ್ಟ ಆದೇಶವಿದೆ, ತರಬೇತಿ ಆಗಿದೆಯೇ, ಲೆಕ್ಕ ಪರಿಶೋಧನೆಯ ನಿಯಮವಿದೆಯೇ ಎಂಬುದಕ್ಕೆಲ್ಲ ಅಂಕ ಕೊಟ್ಟು ಕೂಡಿದರೆ ಕರ್ನಾಟಕ ಮುಂದೆ ಬರಲೇಬೇಕು, ಏಕೆಂದರೆ ನಮ್ಮ ಕಾಯ್ದೆ ಒಳ್ಳೆಯದೇ. ಆದರೆ ಕಾಯ್ದೆ ಕೊಟ್ಟ ಅಧಿಕಾರವನ್ನು ಚಲಾಯಿಸುವವರು ಯಾರು? ಈ ಸೂಚ್ಯಂಕದ ಆರಂಭದ ವರ್ಷಗಳಲ್ಲಿ ಒಂದು ಜರಡಿ ಇತ್ತು. ನಿಯಮಿತವಾಗಿ ಚುನಾವಣೆ ನಡೆಸುವಂಥ ಸಾಂವಿಧಾನಿಕ ಕರ್ತವ್ಯಗಳನ್ನು ಪೂರೈಸಿದ ರಾಜ್ಯ ಮಾತ್ರ ಎರಡನೇ ಸುತ್ತಿಗೆ ಬರುತ್ತಿತ್ತು. ಆ ಜರಡಿ ಇಂದೂ ಇದ್ದಿದ್ದರೆ ಕರ್ನಾಟಕದ ಹೆಸರು ಪಟ್ಟಿಯಲ್ಲೇ ಇರುತ್ತಿರಲಿಲ್ಲ.

ಮೌಲ್ಯಮಾಪನ ಮಾಡುವವರಿಗೆ ಇದು ಸಣ್ಣ ಕೊರತೆಯಾಗಿ ಕಾಣಬಹುದು. ಹಳ್ಳಿಯಲ್ಲಿ ಇದರ ಅರ್ಥ ಬೇರೆ. ಶಾಲೆಯ ಕೊಠಡಿ ಸೋರುತ್ತಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ, ಹಾಸ್ಟೆಲಿಗೆ ನೀರಿಲ್ಲ. ಹಿಂದೆ ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಆ ಕ್ಷೇತ್ರದ ಸದಸ್ಯೆ ಎದ್ದು ನಿಂತು ಅಧಿಕಾರಿಯ ಹೆಸರು ಹಿಡಿದು ಕೇಳುತ್ತಿದ್ದಳು, ಕೇಳಿದ್ದು ನಡಾವಳಿಯಲ್ಲಿ ದಾಖಲಾಗುತ್ತಿತ್ತು, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತಿತ್ತು. ಈಗ ಆಡಳಿತಾಧಿಕಾರಿ ಸಭೆ ಕರೆಯುತ್ತಾರೆ, ಅಧಿಕಾರಿಗಳು ವರದಿ ಓದುತ್ತಾರೆ, ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗುತ್ತದೆ. ಕೇಳುವವರೂ ಅವರೇ, ಹೇಳುವವರೂ ಅವರೇ. ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸದಸ್ಯರು ಇರಬೇಕಾಗಿತ್ತು. ಮೀಸಲಾತಿಯ ಪ್ರಕಾರ ಅವರಲ್ಲಿ ಅರ್ಧದಷ್ಟು ಹೆಂಗಸರು. ಅಷ್ಟೂ ಜನರ ದನಿ ಅಡಗಿಸಿದ ಸರ್ಕಾರವನ್ನು ಯಾವ ಮಾನದಂಡದಿಂದ ಹೊಗಳುವುದು?

ದುಡ್ಡಿನ ನಷ್ಟವೂ ಇದೆ. 15ನೇ ಹಣಕಾಸು ಆಯೋಗದ ಅನುದಾನ ಸಿಗಬೇಕಾದರೆ ಚುನಾಯಿತ ಸಂಸ್ಥೆ ಅಸ್ತಿತ್ವದಲ್ಲಿರಬೇಕಿತ್ತು. ಕೇಂದ್ರದ ಮಲತಾಯಿ ಧೋರಣೆಯ ಬಗ್ಗೆ ಪ್ರತಿದಿನ ಗುಡುಗುವ ನಮ್ಮ ಸಚಿವರು, ಚುನಾವಣೆ ಮಾಡದೆ ತಾವಾಗಿ ಕಳೆದುಕೊಂಡ ಈ ಹಣದ ಬಗ್ಗೆ ಬಾಯಿ ಬಿಡುವುದಿಲ್ಲ.

ಚುನಾವಣೆ ಆಗದಿರುವುದರಿಂದ ಲಾಭ ಯಾರಿಗೆ ಎಂಬುದು ಪ್ರತಿ ತಾಲ್ಲೂಕಿನಲ್ಲೂ ಕಾಣುತ್ತದೆ. ಶಾಸಕರಿಗೆ. ಅವರಿಗೆ ವರ್ಷಕ್ಕೆ 2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿ ಇದೆ, ವರ್ಗಾವಣೆಯ ಶಿಫಾರಸು ಪತ್ರವಿದೆ. ಚರಂಡಿಯಿಂದ ಹೈಮಾಸ್ಟ್ ದೀಪದವರೆಗೆ ಎಲ್ಲ ಗುದ್ದಲಿಪೂಜೆಯೂ ಅವರದೇ. ಜಿಲ್ಲಾ ಪಂಚಾಯಿತಿ ಸದಸ್ಯ ಎಂದರೆ ನಾಳೆ ಟಿಕೆಟ್ ಕೇಳುವವನು. ಅವನು ಹುಟ್ಟದೇ ಇದ್ದರೆ ಒಳ್ಳೆಯದು. ಬೆಂಗಳೂರಿನಲ್ಲೂ ಇದೇ ಲೆಕ್ಕ: 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದು ತುಂಡು ಮಾಡಿದರು. ಆ ಐದೂ ಪಾಲಿಕೆಗಳು ಕಾರ್ಪೊರೇಟರುಗಳಿಲ್ಲದೆಯೇ ಶುರುವಾದವು. ರಸ್ತೆಗುಂಡಿಗೆ ಬಿದ್ದವನು ಯಾರ ಮನೆ ಬಾಗಿಲು ತಟ್ಟಬೇಕು?

ಇದು ಅಬ್ದುಲ್ ನಜೀರ್ ಸಾಬ್ ಅವರ ರಾಜ್ಯ. ಬೋರ್‌ವೆಲ್ ಕೊರೆಸಿ ಜನರಿಂದ ನೀರ್ ಸಾಬ್ ಎನಿಸಿಕೊಂಡ ಆ ಮಂತ್ರಿ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ 1983ರ ಕಾಯ್ದೆ ತಂದರು. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು, ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾದರು. ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗುವ ಆರು ವರ್ಷ ಮೊದಲೇ ನಾವು ಇದನ್ನೆಲ್ಲ ಮಾಡಿ ತೋರಿಸಿದ್ದೆವು. ಮೈಸೂರಿನ ತರಬೇತಿ ಸಂಸ್ಥೆಗೆ ನಜೀರ್ ಸಾಬ್ ಹೆಸರಿಟ್ಟಿದ್ದೇವೆ. ಅವರು ಕಟ್ಟಿದ ಸಂಸ್ಥೆಗೆ ಬೀಗ ಹಾಕಿದ್ದೇವೆ.

ಸೂಚ್ಯಂಕ ರೂಪಿಸುವವರು ಮಾಡಬೇಕಾದ್ದು ಇಷ್ಟೇ: ಯಾವ ಹಂತದಲ್ಲಿ ಅವಧಿಯೊಳಗೆ ಚುನಾವಣೆ ಆಗಿಲ್ಲವೋ ಆ ಹಂತಕ್ಕೆ ಸೊನ್ನೆ ಹಾಕಿ. ಆಮೇಲೆ ಕಾಯ್ದೆ, ಆದೇಶ, ತರಬೇತಿ ನೋಡಿ. ರಾಜ್ಯ ಸರ್ಕಾರ 2021ರ ತಿದ್ದುಪಡಿಯನ್ನು ಹಿಂಪಡೆದು, ವಿಂಗಡಣೆ ಮತ್ತು ಮೀಸಲಾತಿಯ ಅಧಿಕಾರವನ್ನು ಚುನಾವಣಾ ಆಯೋಗಕ್ಕೆ ಮರಳಿಸಬೇಕು. ಓದುಗರಲ್ಲಿ ಒಂದು ವಿನಂತಿ: ನಿಮ್ಮ ಶಾಸಕರು ಮುಂದಿನ ಸಲ ಗುದ್ದಲಿಪೂಜೆಗೆ ಬಂದಾಗ, ಹಾರ ಹಾಕುವ ಮೊದಲು, ಜಿಲ್ಲಾ ಪಂಚಾಯಿತಿ ಚುನಾವಣೆ ಯಾವ ದಿನಾಂಕಕ್ಕೆ ಎಂದು ಎಲ್ಲರೆದುರು ಕೇಳಿ.