ಗೋಡೆಯ ಕ್ಯಾಲೆಂಡರೂ ಸಾಕ್ಷಿ ಹೇಳಲಿ



ವರದಕ್ಷಿಣೆಯ ಕಿರುಕುಳ ತಾಳಲಾರದೆ ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳ ಜೊತೆ ಠಾಣೆಗೂ ಕೋರ್ಟಿಗೂ ಅಲೆದಾಗಲೆಲ್ಲ ನಮಗೆ ಎದುರಾದ ಮೊದಲ ಪ್ರಶ್ನೆ ಒಂದೇ: "ದಾಖಲೆ ಏನಿದೆಯಮ್ಮಾ?" ಕೊಟ್ಟ ಬಂಗಾರಕ್ಕೆ ರಸೀದಿ ಇಲ್ಲ, ಎಣಿಸಿಕೊಟ್ಟ ಹಣಕ್ಕೆ ಬರಹ ಇಲ್ಲ. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದು ಅವಳ ಬಳಿಯೇ ಇರಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ಹಾಗೆ ಬರೆದಿಟ್ಟ ಮನೆಯನ್ನು ನಾನಂತೂ ಕಂಡಿಲ್ಲ.

ಅದೇ ಪ್ರಶ್ನೆ ಈಗ ದುಡಿಮೆಯ ಜಾಗದಲ್ಲೂ ನಮ್ಮನ್ನು ಕಾಡುತ್ತಿದೆ. ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಸಭೆಗೆ ಒಬ್ಬ ತಂಗಿ ಬಂದಳು. ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. "ನಾಳೆಯಿಂದ ಬರಬೇಡ" ಎಂದು ಗೇಟಿನಲ್ಲೇ ಗುರುತಿನ ಚೀಟಿ ಕಿತ್ತುಕೊಂಡರಂತೆ. ಓಟಿ ಹಣ ಬಾಕಿ, ಪಿ.ಎಫ್. ಕಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ. "ನಾನು ಅಲ್ಲಿ ದುಡಿದದ್ದೇ ಸುಳ್ಳಾಗಿಹೋಯ್ತು ಮೇಡಂ" ಎಂದು ಅತ್ತಳು.

ಅವಳನ್ನು ದಡ್ಡಿ ಎನ್ನುವ ಹಕ್ಕು ನನಗಿಲ್ಲ. ಎಂ.ಎ. ಓದಿದ ನಾನೂ ಮೊದಲು ಸೇರಿದ ಖಾಸಗಿ ಕಾಲೇಜಿನಲ್ಲಿ ಕೈಗೆ ಬಂದದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ತಿಂಗಳು ತಿಂಗಳೂ ಸಹಿ ಹಾಕಿದವಳೇ. ಪ್ರಶ್ನಿಸಲು ಹೊರಟಾಗ ನನ್ನ ಸಹಿಯೇ ನನಗೆ ಎದುರು ಸಾಕ್ಷಿಯಾಗಿತ್ತು.

ಕಾನೂನು ನಮ್ಮ ಪರ ಇಲ್ಲವೇ? ಇದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಬಗ್ಗೆ ಕಾರ್ಮಿಕ ಸಂಘಟನೆಗಳ ತಕರಾರುಗಳಿವೆ. ಆದರೂ ಅವುಗಳಲ್ಲಿ ನಮಗೆ ಬಲ ಕೊಡುವ ಮಾತುಗಳನ್ನು ನಾವು ತಿಳಿದಿರಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸದಿಂದ ತೆಗೆದರೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಓಟಿಗೆ ದುಪ್ಪಟ್ಟು ದರ. ಬಾಕಿ ಕೇಳಲು 3 ವರ್ಷದ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸಂಬಳ ಬಂದಿಲ್ಲವೆಂದು ನಾವು ದಾವೆ ಹೂಡಿದರೆ, ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕನದು.

ಆದರೆ ಆ ಹೊಣೆ ಅವನ ಹೆಗಲಿಗೆ ಬೀಳಬೇಕಾದರೆ ನಾವು ಅಲ್ಲಿ ದುಡಿದೆವೆಂಬುದಕ್ಕೆ ನಮ್ಮ ಬಳಿ ಏನಾದರೂ ಇರಬೇಕು. ಆ ತಂಗಿ ಎಡವಿದ್ದು ಇಲ್ಲೇ.

ಬರೆದಿಡುವುದು ನಮಗೇನು ಹೊಸದೇ? ಹಾಲಿನವನು ಬಾರದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು ನಾವು. ಸಂಘದಲ್ಲಿ ಹತ್ತು ರೂಪಾಯಿಯ ಉಳಿತಾಯಕ್ಕೂ ಪಾಸ್‌ಪುಸ್ತಕ ಇಟ್ಟವರು ನಾವು. ಪರರ ಸಾಲಕ್ಕೆ ಲೆಕ್ಕ ಇಡುವ ಕೈ ತನ್ನ ಬೆವರಿಗೆ ಯಾಕೆ ಇಡುವುದಿಲ್ಲ?

ಒಂದು ನೋಟುಪುಸ್ತಕ ಸಾಕು. ದಿನದ ತಾರೀಖು, ಒಳಹೋದ ಹೊತ್ತು, ಹೊರಬಂದ ಹೊತ್ತು, ಕೈಗೆ ಬಂದ ಹಣ. ಸೂಪರ್‌ವೈಸರ್ ಕೆಟ್ಟ ಮಾತಾಡಿದರೆ ಅವನು ಆಡಿದ ಮಾತನ್ನೇ ಬರೆಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ಹತ್ತಿರ ಯಾರಿದ್ದರು ಎಂಬುದನ್ನೂ ಬರೆಯಿರಿ. ಅಂದಂದೇ ಬರೆದದ್ದಕ್ಕೆ ಇರುವ ತೂಕ ವರ್ಷದ ನಂತರ ನೆನಪಿಸಿಕೊಂಡದ್ದಕ್ಕೆ ಇಲ್ಲ. ನೇಮಕಾತಿ ಪತ್ರ ಕೇಳಿ ಪಡೆಯಿರಿ. ಗುರುತಿನ ಚೀಟಿ, ಸಂಬಳದ ಚೀಟಿಗಳ ಫೋಟೊ ತೆಗೆದಿಡಿ. ಮೊಬೈಲಿಗೆ ಬಂದ ಸಂದೇಶಗಳನ್ನು ಅಳಿಸಬೇಡಿ. ಖಾಲಿ ಹಾಳೆಗೆ ಸಹಿ ಬೇಡ. ಅರ್ಜಿ ಕೊಟ್ಟರೆ ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಿ.

ಪಿ.ಎಫ್. ಪಾಸ್‌ಪುಸ್ತಕವನ್ನು ಆಗಾಗ ನೋಡಿ. ಅದು ನಮ್ಮದೇ ಹಣ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಿಂಪಡೆಯಲು ತಡೆ ಒಡ್ಡಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ಅವರಿಗೆ ತಮ್ಮ ಹಣದ ಲೆಕ್ಕ ತಿಳಿದಿತ್ತು.

ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. 10 ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ನೀವು ಮನೆಗೆಲಸದವರಾಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಬರೆಯಲು ಬಾರದವರಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ಸಂಬಳದ ದಿನ ಗಂಡನ ಕೈ ಚಾಚುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಕೊಡದಿದ್ದರೆ ಹೊಡೆತ. ಅಂಥ ಮನೆಯಲ್ಲಿ ಈ ಪುಸ್ತಕ ಒಲೆಗೆ ಹೋಗಬಹುದು. ಆದ್ದರಿಂದ ಸಂಬಳ ನಿಮ್ಮದೇ ಖಾತೆಗೆ ಬರಲಿ, ಪುಸ್ತಕ ಸಂಘದ ಪೆಟ್ಟಿಗೆಯಲ್ಲಿರಲಿ. ವಾರದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ದುಡಿಮೆಯ ಲೆಕ್ಕಕ್ಕೆ ಕೊಡಿ. ಯಾರಿಗಾದರೂ ಅನ್ಯಾಯವಾಗಿದ್ದರೆ, ಅವರ ಒಪ್ಪಿಗೆ ಪಡೆದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

ಬರೆದಿಟ್ಟ ಮಾತ್ರಕ್ಕೆ ನ್ಯಾಯ ಓಡಿ ಬರುವುದಿಲ್ಲ, ನಿಜ. ಆದರೆ ಮುಂದಿನ ಸಲ "ದಾಖಲೆ ಏನಿದೆಯಮ್ಮಾ?" ಎಂದು ಕೇಳಿದಾಗ ನಾವು ಸೆರಗಿನಿಂದ ಕಣ್ಣೊರೆಸಿಕೊಂಡು ನಿಲ್ಲುವುದು ಬೇಡ. ಪುಸ್ತಕ ತೆರೆದು ಮೇಜಿನ ಮೇಲಿಡೋಣ.